ಜುಲೈ ಕ್ರಿಸ್‌ಮಸ್ಸಿನಲ್ಲಿ ವಿನ್ಸಮ್ ಆಡಿದ ಮಾತು

ವಿನ್ಸಮ್ ಗೇಲ್ ಬಾಯಿ ತೆರೆದರೆ ಕೆನಡಾದ ಹ್ಯಾಮಿಲ್ಟನ್ನಿನ ಆ ಬೀದಿಗೆ ಬೀದಿಯೇ ಎದ್ದು ಕೂರುತ್ತಿತ್ತು. ಇದು ಹೊಗಳಿಕೆಯಲ್ಲ, ಅಕ್ಕಪಕ್ಕದವರ ದೂರು. ಪ್ರಾಯವನ್ನೆಲ್ಲ ಶಾಲೆಯ ಹಳದಿ ಬಸ್ಸು ಓಡಿಸುವುದರಲ್ಲೇ ಕಳೆದ ಹೆಂಗಸು. ಹಿಂದಿನ ಸೀಟಿನಲ್ಲಿ ಯಾವನಾದರೂ ಚಿಪ್ಸ್ ಪೊಟ್ಟಣ ಹರಿದರೆ ಸಾಕು, ಕನ್ನಡಿ ಕೂಡ ನೋಡದೆ, "ಯಾವ ಮಹಾರಾಜರು ಅಲ್ಲಿ ಊಟಕ್ಕೆ ಕೂತಿರೋದು?" ಎಂದು ಕೇಳುತ್ತಿದ್ದಳು. ಮಹಾರಾಜರು ಅಗಿಯುತ್ತಿದ್ದುದನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಚರ್ಚಿನ ಗಾಯನದ ತಂಡದಲ್ಲಿ ಅವಳನ್ನು ಬೇಕೆಂದೇ ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ ನಿಲ್ಲಿಸುತ್ತಿದ್ದರು. ಅಷ್ಟಾದರೂ ಮುಂದಿನ ಸಾಲಿನವರು ಹಾಡುತ್ತಿದ್ದಾರೋ ಆಕಳಿಸುತ್ತಿದ್ದಾರೋ ಯಾರಿಗೂ ತಿಳಿಯುತ್ತಿರಲಿಲ್ಲ. ಇಂಥವಳು ನಿವೃತ್ತಿಯಾದ ಮೇಲೆ ಹುಡುಕಿಕೊಂಡ ಕೆಲಸ ಯಾವುದು ಗೊತ್ತೇ? ಬಾಯಿ ಆಡಿಸಬೇಕು, ಸದ್ದು ಮಾಡಬಾರದು.

ಟಿವಿಯಲ್ಲಿ ನವೆಂಬರ್ ಹುಟ್ಟುವ ಮೊದಲೇ ಶುರುವಾಗುವ ಆ ಕ್ರಿಸ್‌ಮಸ್ ಪ್ರೇಮಕತೆಗಳನ್ನು ನೀವೂ ನೋಡಿರುತ್ತೀರಿ. ದೊಡ್ಡ ಊರಿನಲ್ಲಿ ದೊಡ್ಡ ಕೆಲಸದಲ್ಲಿರುವ ಹುಡುಗಿ ಒಂದು ಚಿಕ್ಕ ಊರಿಗೆ ಬರುತ್ತಾಳೆ. ಕ್ರಿಸ್‌ಮಸ್ ಮರ ಮಾರುವ ಹುಡುಗನ ಮೈಮೇಲೆ ಬಿಸಿ ಕೋಕೋ ಚೆಲ್ಲುತ್ತಾಳೆ. ಮುಚ್ಚಿಹೋಗಬೇಕಿದ್ದ ಬೇಕರಿ ಮುಚ್ಚುವುದಿಲ್ಲ. ಕೊನೆಗೆ ಹಿಮ ಬೀಳುವಾಗ ಒಂದು ಮುತ್ತು, ಅಲ್ಲಿಗೆ ಮುಗಿಯಿತು. ಕತೆ ಮೊದಲೇ ಗೊತ್ತು ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಿಸಿ ಅನ್ನಕ್ಕೆ ತಿಳಿಸಾರು ಹಾಕಿಕೊಳ್ಳುವಾಗ ಯಾರಾದರೂ ರುಚಿ ಮೊದಲೇ ಗೊತ್ತಿದೆ ಎಂದು ತಟ್ಟೆ ಬಿಟ್ಟು ಎದ್ದದ್ದುಂಟೇ?

ಈ ಚಿತ್ರಗಳು ಬಹಳಷ್ಟು ತಯಾರಾಗುವುದು ನಮ್ಮ ಕೆನಡಾದಲ್ಲಿ, ಅದೂ ನಡುಬೇಸಿಗೆಯಲ್ಲಿ. ಜುಲೈ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿರುವಾಗ ಉಣ್ಣೆಯ ಕೋಟು, ಕುತ್ತಿಗೆಗೆ ಶಾಲು, ಕೈಗೆ ಗವಸು. ಕೋಟಿನೊಳಗೆ, ಕಂಕುಳಲ್ಲಿ ಮಂಜುಗಡ್ಡೆಯ ಚೀಲ. ಕೈಯಲ್ಲಿರುವ ಕೋಕೋ ಲೋಟ ಖಾಲಿ, ಹೆಗಲಿನ ಉಡುಗೊರೆ ಡಬ್ಬ ಖಾಲಿ. ಹೀರೋ ಹೀರೋಯಿನ್ ಮುಂದೆ ನಿಂತು ಪ್ರೀತಿಸುತ್ತಿದ್ದರೆ ಅವರ ಬೆನ್ನ ಹಿಂದೆ ಊರು ಓಡಾಡುತ್ತಿರಬೇಕಲ್ಲ, ಆ ಊರೇ ವಿನ್ಸಮ್. ನಡೆಯಬೇಕು, ನಗಬೇಕು, ಎದುರಿಗೆ ಸಿಕ್ಕವರ ಜೊತೆ ತುಟಿ ಅಲುಗಿಸಿ ಹರಟಬೇಕು. ಒಂದು ಚೂರು ಸದ್ದು ಮಾಡಿದರೂ ಮುಂದಿನವರ ಮಾತು ಕೆಡುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಇದು ತಿಳಿಯಲಿಲ್ಲ. ಎದುರಿಗೆ ಬಂದ ಅಂಚೆಯವನ ವೇಷದವನಿಗೆ ತನ್ನ ಎಂದಿನ ಗಂಟಲಿನಲ್ಲೇ "ಹ್ಯಾಪಿ ಕ್ರಿಸ್‌ಮಸ್ ಕಣಪ್ಪಾ" ಎಂದುಬಿಟ್ಟಳು. ಮುಂದೆ ನಿಂತಿದ್ದ ಹೀರೋಯಿನ್ ಬೆಚ್ಚಿ ಮಾತು ಮರೆತಳು. ಅಲ್ಲಿನ ಮೇಸ್ತ್ರಿಯಂಥ ಒಬ್ಬ ಬಂದು ಎಲ್ಲರೆದುರಿಗೆ, "ಹಿಂದಿನವರು ಹಿಂದೇನೇ ಇರ್ಬೇಕು. ನಿಮ್ಮ ಧ್ವನಿ ಇಲ್ಲಿ ಯಾರಿಗೂ ಬೇಕಾಗಿಲ್ಲ" ಎಂದ. ವಿನ್ಸಮ್ ಆವತ್ತು ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಆಮೇಲೆ ಕಲಿತಳು. ಎಷ್ಟು ಚೆನ್ನಾಗಿ ಕಲಿತಳೆಂದರೆ ಕ್ಯಾಮೆರಾದ ಮುಂದೆ ಹೋದ ಕೂಡಲೇ ಅವಳ ಗಂಟಲು ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತಿತ್ತು.

ಅಲ್ಲಿ ಅವಳಿಗೆ ಜೊತೆಯಾದವನು ಗುರ್‌ನೇಕ್ ಸಿಂಗ್. ಬ್ರಾಂಪ್ಟನ್ನಿನ ಸರ್ದಾರ, ಲಾರಿ ಓಡಿಸಿ ನಿವೃತ್ತನಾದವನು, ಬಿಳಿ ಗಡ್ಡ, ಕೆಂಪು ರುಮಾಲು. ಆ ಕಾಲದ ಚಿತ್ರಗಳಲ್ಲಿ ಇಡೀ ಊರಿಗೆ ಊರೇ ಬಿಳಿ ಜನ. ತೋರಿಕೆಗೆ ಒಬ್ಬ ಸರ್ದಾರ, ಒಬ್ಬಳು ಕಪ್ಪು ಹೆಂಗಸು, ಇವರಿಬ್ಬರು. ಇಬ್ಬರನ್ನೂ ಒಟ್ಟಿಗೆ ನಿಲ್ಲಲು ಬಿಡುತ್ತಿರಲಿಲ್ಲ. ಉಪ್ಪಿಟ್ಟಿನ ಮೇಲೆ ಗೋಡಂಬಿ ಇಟ್ಟ ಹಾಗೆ ಒಬ್ಬರು ಈ ಮೂಲೆ, ಒಬ್ಬರು ಆ ಮೂಲೆ. ಒಬ್ಬರನ್ನೊಬ್ಬರು ದಾಟಿ ಹೋಗುವ ಆ ಒಂದು ಗಳಿಗೆಯಲ್ಲಿ ತುಟಿ ಅಲುಗಿಸಿ ಮಾತಾಡಿಕೊಳ್ಳಬೇಕು. ಹೀಗೆ ಸದ್ದಿಲ್ಲದೆ ಆಡಿ ಆಡಿ ಇಬ್ಬರಿಗೂ ತುಟಿ ಓದುವ ವಿದ್ಯೆ ಕರಗತವಾಯಿತು. ಗುರ್‌ನೇಕನ ಮಗಳ ಮದುವೆ, ಅಳಿಯನ ಸೊಕ್ಕು, ಮಂಡಿ ಆಪರೇಷನ್ನು, ಎಲ್ಲವೂ ವಿನ್ಸಮ್‌ಗೆ ಗೊತ್ತಾದದ್ದು ಹಿಮವೆಂದು ಸುರಿದ ನೊರೆಯ ನಡುವೆ, ಒಂದೇ ಒಂದು ಸದ್ದಿಲ್ಲದೆ.

ಈ ಚಿತ್ರಗಳನ್ನು ಬಿಡದೆ ನೋಡುತ್ತಿದ್ದವಳು ವಿನ್ಸಮ್‌ಳ ಅಕ್ಕ ಡಲ್ಸಿ. ಹನ್ನೆರಡು ವರ್ಷ ದೊಡ್ಡವಳು. ತಾಯಿ ಸತ್ತ ಮೇಲೆ ತಂಗಿಯನ್ನು ಜಮೈಕಾದ ಮ್ಯಾಂಡೆವಿಲ್‌ನಿಂದ ಇಲ್ಲಿಗೆ ಕರೆಸಿಕೊಂಡವಳು. ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ಪಾಳಿ ದುಡಿದು ಓದಿಸಿದವಳು, ಎಷ್ಟೇ ದಣಿದಿದ್ದರೂ ತಂಗಿಯ ಊಟದ ತಟ್ಟೆಯನ್ನು ಮುಚ್ಚಿಟ್ಟೇ ಕೆಲಸಕ್ಕೆ ಹೋಗುತ್ತಿದ್ದವಳು. ಈಗ ಇಬ್ಬರೂ ಒಂದೇ ಮನೆಯಲ್ಲಿದ್ದರು. ನವೆಂಬರ್ ಬಂತೆಂದರೆ ಸೋಫಾದ ಮೇಲೆ ಡಲ್ಸಿಯ ದರ್ಬಾರು. ಪಕ್ಕದಲ್ಲಿ ಶುಂಠಿ ಜಜ್ಜಿ ಹಾಕಿದ ಕೆಂಪು ಪುಂಡಿಯ ಶರಬತ್ತು, ತಟ್ಟೆಯಲ್ಲಿ ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆದ ಒಣದ್ರಾಕ್ಷಿಯ ಕರಿ ಕೇಕು.

"ಆ ಊರಲ್ಲಿ ಕಪ್ಪು ಹೆಂಗಸು ಅಂತ ಇರೋಳು ನೀನೊಬ್ಬಳೇ ಕಣೇ" ಎನ್ನುತ್ತಿದ್ದಳು ಡಲ್ಸಿ. "ನಿನ್ನ ಈ ಸುರುಳಿಗೂದಲು ಯಾರಿಗೆ ಕಟ್ಟೋಕೆ ಬರುತ್ತೆ ಅಲ್ಲಿ?"

"ಸುಮ್ನೆ ನೋಡೇ."

"ನೋಡ್ತಾನೇ ಇದ್ದೀನಿ. ಪ್ರತಿ ವರ್ಷ ಅಂಗಡಿಯಿಂದ ಡಬ್ಬ ಹೊತ್ಕೊಂಡು ಬರ್ತಾನೇ ಇರ್ತೀಯ. ಒಂದ್ಸಲಾನೂ ಮನೆ ಸೇರಿದ್ದು ನೋಡ್ಲಿಲ್ಲ. ಆ ಊರಲ್ಲಿ ನಿನಗೆ ಮನೆ ಇಲ್ವಾ?"

ನಗುತ್ತಲೇ ಹೇಳುತ್ತಿದ್ದಳು. ಆದರೂ ತಂಗಿ ತೆರೆಯ ಮೂಲೆಯಲ್ಲಿ ಒಂದು ಕ್ಷಣ ಸರಿದುಹೋದರೆ ಸಾಕು, "ಅಗೋ, ಸಿಕ್ದೆ" ಎಂದು ಕೈ ತಟ್ಟುತ್ತಿದ್ದಳು. ವರ್ಷ ಕಳೆದಂತೆ ಆ ಊರು ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಬಂತು. ಒಂದು ವರ್ಷ ಹೀರೋಯಿನ್ನಿಗೆ ಬುದ್ಧಿ ಹೇಳುವ ಗೆಳತಿ ಕಪ್ಪು ಹುಡುಗಿಯಾದಳು. ಅವಳಿಗೆ ಪಾಪ ಸ್ವಂತ ಪ್ರೇಮ ಇಲ್ಲ, ಮನೆಯೂ ಇಲ್ಲ, ಬರೀ ಬುದ್ಧಿ ಹೇಳುವುದೇ ಕೆಲಸ. ಇನ್ನೊಂದು ವರ್ಷ ಚೀನೀ ಮೂಲದ ಹುಡುಗ ಹೀರೋ ಆದ. ಮತ್ತೊಂದರಲ್ಲಿ ಕ್ರಿಸ್‌ಮಸ್ ಮರದ ಪಕ್ಕ ದೀಪಾವಳಿಯ ಹಣತೆ ಹಚ್ಚಿಟ್ಟರು. ಗುರ್‌ನೇಕ ಅದರಲ್ಲಿ ಮಿಠಾಯಿ ಅಂಗಡಿಯವನಾಗಿ ನಿಂತು ಊರಿಗೆಲ್ಲ ಫೋನು ಮಾಡಿದ.

ಅಷ್ಟರಲ್ಲಿ ಡಲ್ಸಿಯ ಕಣ್ಣು ಹೋಯಿತು. ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಮೊದಲು ಅಂಚು ಮಬ್ಬಾಯಿತು, ಆಮೇಲೆ ನಡುವೆಯೂ ಕತ್ತಲಾಯಿತು. ಡಲ್ಸಿ ಗೋಳಾಡುವ ಪೈಕಿಯಲ್ಲ. ಚಿತ್ರ ನೋಡುವುದನ್ನೂ ಬಿಡಲಿಲ್ಲ, ಕಿವಿಯಲ್ಲೇ ನೋಡಿದಳು. ಆದರೆ ಸದ್ದಿಲ್ಲದೆ ನಡೆದುಹೋಗುವ ತಂಗಿ ಕಿವಿಗೆ ಹೇಗೆ ಸಿಗಬೇಕು? ವಿನ್ಸಮ್ ಪಕ್ಕದಲ್ಲಿ ಕೂತು, "ಈಗ ಬಂದೆ ನೋಡು, ಬಲಗಡೆ, ನೀಲಿ ಕೋಟು" ಎಂದು ಹೇಳುತ್ತಿದ್ದಳು. ಒಂದು ವರ್ಷ ಅವಳಿದ್ದ ದೃಶ್ಯವನ್ನೇ ಕತ್ತರಿಸಿ ಹಾಕಿದ್ದರು. ಆಗಲೂ ಅವಳು ಹಾಗೆಯೇ ಹೇಳಿದಳು. ಡಲ್ಸಿ ತಂಗಿಯ ಮಂಡಿ ತಟ್ಟಿ, "ನೀನು ಇದ್ದೀಯ ಅಂದ್ರೆ ಇದ್ದೀಯ ಬಿಡು" ಎಂದಳು. ಸುಳ್ಳು ಅಕ್ಕನಿಗೆ ತಿಳಿಯಿತೆಂದು ವಿನ್ಸಮ್‌ಗೆ ಗೊತ್ತಾಯಿತು.

ಎಫುವಾ ಎಂಬ ಹುಡುಗಿ ಚರ್ಚಿಗೆ ಬಂದದ್ದು ಮುಂದಿನ ವಸಂತದಲ್ಲಿ. ಘಾನಾದಿಂದ ಬಂದವರ ಮಗಳು, ಟೊರಾಂಟೋದಲ್ಲೇ ಹುಟ್ಟಿ ಬೆಳೆದವಳು. ಹೊಸ ಕ್ರಿಸ್‌ಮಸ್ ಚಿತ್ರಕ್ಕೆ ಅವಳೇ ನಿರ್ದೇಶಕಿ. ಪ್ರಾರ್ಥನೆ ಮುಗಿದು ಜನ ಹೊರಗೆ ಬರುವಾಗ ನೇರ ವಿನ್ಸಮ್ ಎದುರಿಗೆ ನಿಂತಳು.

"ಆಂಟಿ, ಬಾಗಿಲ ಹತ್ರ ಮಕ್ಕಳನ್ನ ಗದರಿಸ್ತಿದ್ದೋರು ನೀವೇನಾ?"

"ಹೌದು. ಅದರಲ್ಲಿ ನಿನ್ನದೂ ಒಂದಿತ್ತಾ?"

"ಇಲ್ಲ ಆಂಟಿ. ನನಗೆ ಆ ಗಂಟಲು ಬೇಕು."

ಕತೆ ಹಳೆಯದೇ, ಎಫುವಾ ಅದನ್ನು ಮುಚ್ಚಿಡಲಿಲ್ಲ. ಟೊರಾಂಟೋದಲ್ಲಿ ಡಾಕ್ಟರಾಗಿರುವ ಹುಡುಗಿ ವರ್ಷಗಳ ಮೇಲೆ ತನ್ನ ಚಿಕ್ಕ ಊರಿಗೆ ಮರಳುತ್ತಾಳೆ. ಆದರೆ ಈ ಸಲ ಆ ಹುಡುಗಿಯೂ ಕಪ್ಪು ಬಣ್ಣದವಳು. ಅವಳ ಅಪ್ಪ ಅಮ್ಮ, ಅತ್ತೆ ಚಿಕ್ಕಪ್ಪ, ಎಲ್ಲರೂ ಕಪ್ಪು ಜನ. ಊಟದ ಮೇಜಿನ ಮೇಲೆ ಕರಿ ಕೇಕು, ಮೇಕೆ ಮಾಂಸದ ಸಾರು, ತೊಗರಿಕಾಳು ಹಾಕಿದ ಅನ್ನ. ಹುಡುಗಿ ಚರ್ಚಿನ ಊಟದ ಮನೆಗೆ ಅಂಜುತ್ತ ಕಾಲಿಟ್ಟಾಗ ಬಾಗಿಲಲ್ಲಿ ನಿಂತ ಹಿರಿಯಳೊಬ್ಬಳು ಒಂದು ಮಾತು ಆಡಬೇಕು: "ಇಷ್ಟು ದಿನ ಎಲ್ಲಿದ್ದೆ ಮಗಳೇ? ಬಾ, ನಿನ್ನ ತಟ್ಟೆ ಮುಚ್ಚಿಟ್ಟಿದ್ದೀನಿ."

ಮನೆಗೆ ಬಂದು ಹೇಳಿದಾಗ ಡಲ್ಸಿ ಶರಬತ್ತಿನ ಲೋಟ ಕೆಳಗಿಟ್ಟಳು.

"ಮಾತಾಡ್ತೀಯಾ? ನೀನು?"

"ಒಂದೇ ಮಾತು."

"ಜೋರಾಗಿ ಹೇಳ್ತೀಯಾ?"

"ನಾನು ಹುಟ್ಟಿದಾಗಿನಿಂದ ಮೆಲ್ಲಗೆ ಏನಾದ್ರೂ ಹೇಳಿದ್ದೀನಾ?"

"ಹಾಗಾದ್ರೆ ಈ ಸಲ ನೀನು ನನಗೆ ಸಿಗ್ತೀಯ" ಎಂದಳು ಡಲ್ಸಿ. ಎರಡೂ ಕೈಯಿಂದ ತಂಗಿಯ ಮುಖ ಹಿಡಿದುಕೊಂಡಳು. "ನಾನೂ ಬರ್ತೀನಿ ಕಣೇ ಅಲ್ಲಿಗೆ. ಇಷ್ಟು ವರ್ಷ ನೋಡಿದ್ದೀನಿ, ಆ ಊರಿನ ವಾಸನೆ ಹೇಗಿರುತ್ತೆ ಅಂತಾದ್ರೂ ತಿಳೀಲಿ."

ಚಿತ್ರೀಕರಣ ಎಲ್ಮ್‌ಬ್ರೂಕ್ ಎಂಬ ಪುಟ್ಟ ಊರಿನಲ್ಲಿ, ಹಳೆಯ ಚರ್ಚಿನ ಅಂಗಳದಲ್ಲಿ. ಬಿಸಿಲು ನೆತ್ತಿ ಸುಡುತ್ತಿತ್ತು. ಮೆಟ್ಟಿಲ ಮೇಲೆ ಪೈಪಿನಿಂದ ನೊರೆಯ ಹಿಮ ಸುರಿಯುತ್ತಿದ್ದರು. ದೂರ ನಡೆಯಲಾಗದೆ ಗಾಲಿಕುರ್ಚಿಯಲ್ಲಿ ಕೂತ ಡಲ್ಸಿ ಮೂಗರಳಿಸಿ, "ಇದೇನೇ, ನಿನ್ನ ಹಿಮ ಪಾತ್ರೆ ತೊಳೆಯೋ ಸೋಪಿನ ಹಾಗೆ ನಾರ್ತಿದೆ" ಎಂದಳು. ಪೈಪು ಹಿಡಿದವನು ಬಾಗಿ, "ಅದು ಹೆಚ್ಚು ಕಮ್ಮಿ ಅದೇ ಅಮ್ಮಾ" ಎಂದ.

ಮಾತಾಡುವ ಪಾತ್ರದವರಿಗೆ ತಿಂಡಿಯ ಸಾಲೇ ಬೇರೆ, ಮೊದಲೇ ಬಡಿಸುತ್ತಾರೆ. ಆದರೂ ವಿನ್ಸಮ್ ರೂಢಿಯಂತೆ ಹಿಂದಿನವರ ಸಾಲಿಗೇ ಹೋಗಿ ನಿಂತಳು.

"ಏನ್ ಬೆಹೆನ್‌ಜೀ, ದೊಡ್ಡ ನಟಿ ಬಡವರ ಸಾಲಿನಲ್ಲಿ?" ಎಂದ ಗುರ್‌ನೇಕ. ಅವನಿಗೂ ಅದೇ ಚಿತ್ರದಲ್ಲಿ ಊರಿನ ನೆರೆಯವನ ಕೆಲಸ, ಮಾತಿಲ್ಲ.

"ಬಾಯಿ ಮುಚ್ಕೊಂಡಿರು, ಹೆದರಿಕೆ ಆಗ್ತಿದೆ."

"ಆಗ್ಲಿ ಬಿಡಿ. ಗಂಟಲು ಹೆದರದಿದ್ರೆ ಸಾಕು."

ಮಧ್ಯಾಹ್ನ ಅವಳ ಸರದಿ ಬಂತು. ಕಂದು ಕೋಟು, ತಲೆಗೆ ಚರ್ಚಿನ ಹ್ಯಾಟು. ಬಾಗಿಲಲ್ಲಿ ನಿಂತಳು. ಡಾಕ್ಟರ್ ಹುಡುಗಿ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದಳು, ನಿಂತಳು, ಕಣ್ಣೆತ್ತಿದಳು. ವಿನ್ಸಮ್ ಅವಳ ಮುಖ ನೋಡಿ ಮನಸ್ಸು ತುಂಬಿ ಆ ಮಾತನ್ನು ಆಡಿದಳು. ಮುಗಿಸಿದಳು. ಯಾರೂ ಮಿಸುಕಲಿಲ್ಲ. ಮೈಕು ಹಿಡಿದವನು ಕಿವಿಯ ಹೆಡ್‌ಫೋನನ್ನು ತಟ್ಟಿ ನೋಡಿಕೊಂಡ.

ಆ ನಿಶ್ಶಬ್ದದಲ್ಲಿ, ಕ್ಯಾಮೆರಾದ ಪಕ್ಕದ ನೆರಳಿನಿಂದ ಡಲ್ಸಿಯ ಧ್ವನಿ ಬಂತು. "ಯಾವಾಗ ಶುರು ಮಾಡ್ತಾರೆ?"

ವಿನ್ಸಮ್‌ಳ ಕೆನ್ನೆ ಕಾದ ಕಾವಲಿಯಾಯಿತು. ತುಟಿ ಅಲುಗಿತ್ತು, ಸದ್ದು ಬಂದಿರಲಿಲ್ಲ. ಇಷ್ಟು ವರ್ಷದ ರೂಢಿ ಗಂಟಲನ್ನು ಒಳಗಿನಿಂದ ಹಿಡಿದಿತ್ತು. ಕ್ಯಾಮೆರಾ ಕಂಡ ಕೂಡಲೇ ಬಾಗಿಲು ಹಾಕಿಕೊಂಡಿತ್ತು. ಎಲ್ಲರೂ ನಕ್ಕರು, ಕೆಟ್ಟ ನಗೆಯಲ್ಲ. ಗುರ್‌ನೇಕ ಮಾತ್ರ ಗಂಭೀರವಾಗಿ, "ನನಗೆ ಸ್ಪಷ್ಟವಾಗಿ ಕೇಳಿಸ್ತು" ಎಂದ.

ಇನ್ನೊಂದು ಸಲ ಮಾಡಿದರು. ತುಟಿಯೇ ಅಲುಗಿತು. ಮತ್ತೊಂದು ಸಲ ಮಾಡಿದಾಗ ಕೀರಲು ಪಿಸುಮಾತೊಂದು ಹೊರಬಂತು, ಗಂಟಲು ನೋವಿನ ಕೋಳಿಯಂತೆ. ಬಿಸಿಲಿಗೆ ಮೆಟ್ಟಿಲ ಮೇಲಿನ ಹಿಮ ಗುಳ್ಳೆಗುಳ್ಳೆಯಾಗಿ ಒಡೆದು ಚರಂಡಿಗೆ ಇಳಿಯುತ್ತಿತ್ತು. ಕೈಯಲ್ಲಿ ವಾಕಿಟಾಕಿ ಹಿಡಿದ ಮೇಲ್ವಿಚಾರಕಿ ಎಫುವಾಳ ಬಳಿ ಬಂದು, "ಹೊತ್ತು ಹೋಗ್ತಿದೆ. ಆ ಮಾತು ಇಲ್ಲದೇನೇ ತೆಗೆಯೋಣ. ಆಕೆ ಸುಮ್ನೆ ನಕ್ಕರೆ ಸಾಕು" ಎಂದಳು.

ವಿನ್ಸಮ್‌ಗೆ ಅದು ಕೇಳಿಸಿತು. ನಕ್ಕರೆ ಸಾಕು. ಅಂದರೆ ಮತ್ತೆ ಅದೇ ಡಬ್ಬ ಹೊತ್ತ ಹೆಂಗಸು. ಡಿಸೆಂಬರಿನಲ್ಲಿ ಅಕ್ಕನ ಪಕ್ಕ ಕೂತು, "ಈಗ ನಕ್ಕೆ ನೋಡು" ಎಂದು ಹೇಳಬೇಕು. ಅಕ್ಕ "ಇದ್ದೀಯ ಅಂದ್ರೆ ಇದ್ದೀಯ ಬಿಡು" ಎನ್ನಬೇಕು. ಅವಳಿಗೆ ದುಃಖ ಒತ್ತರಿಸಿ ಬಂತು. ತನ್ನ ಗಂಟಲಿನ ಮೇಲೇ ಕೋಪ ಬಂತು. ಬೇಡದ ಕಡೆಯೆಲ್ಲ ಮೆರೆದದ್ದು ಬೇಕಾದ ಕಡೆ ಹೀಗೆ ಕೈ ಕೊಡಬಹುದೇ?

ಎಫುವಾ ಬಾಗಿಲ ಬಳಿ ಬಂದಳು. "ಆಂಟಿ, ನೀವು ಆ ಹುಡುಗೀನ ನೋಡಿ ಹೇಳ್ತಿದ್ದೀರಿ. ಆ ಹುಡುಗಿ ನಿಮಗೆ ಯಾರು?"

"ಹೀರೋಯಿನ್ ಕಣಮ್ಮ. ಹೀರೋಯಿನ್ ಮುಂದೆ ನಾನು ಬಾಯಿ ಬಿಟ್ಟಿದ್ದೇ ಇಲ್ಲ."

"ಅದೇ ತಪ್ಪು. ನಿಮ್ಮ ಮುಖವನ್ನ ಹತ್ತಿರದಿಂದ ತೆಗೆಯುವಾಗ ಅವಳು ಎದುರಿಗೆ ಇರಲೇಬೇಕು ಅಂತೇನಿಲ್ಲ. ನೀವು ಯಾರಿಗೆ ಹೇಳ್ಬೇಕು ಅಂತಿದ್ದೀರೋ ಅವರನ್ನೇ ಕೂರಿಸೋಣ."

ವಿನ್ಸಮ್‌ಳ ಕಣ್ಣು ಡಲ್ಸಿ ಕೂತಿದ್ದ ನೆರಳಿನ ಕಡೆ ಹೋಯಿತು. ಎಫುವಾ ತಾನೇ ಹೋಗಿ ಡಲ್ಸಿಯ ಗಾಲಿಕುರ್ಚಿ ತಳ್ಳಿಕೊಂಡು ಬಂದು ಕ್ಯಾಮೆರಾದ ಮಗ್ಗುಲಲ್ಲಿ, ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದಳು. ಪೈಪಿನವನು ಇನ್ನಷ್ಟು ನೊರೆ ಸುರಿದ. ಡಲ್ಸಿಯ ಚಪ್ಪಲಿಯ ಮೇಲೂ ಒಂದು ಮುದ್ದೆ ಬಿತ್ತು.

"ನಾನೇನು ಮಾಡ್ಬೇಕು?" ಎಂದಳು ಡಲ್ಸಿ.

"ಏನೂ ಇಲ್ಲ ಗ್ರ್ಯಾನಿ. ನಿಮ್ಮ ತಂಗಿ ಮಾತಾಡ್ತಾರೆ. ಕೇಳಿಸ್ಕೊಳ್ಳಿ."

ವಿನ್ಸಮ್ ಕೆಳಗೆ ನೋಡಿದಳು. ಅಕ್ಕ ತಲೆಯನ್ನು ಒಂದು ಕಡೆ ವಾಲಿಸಿ, ಕಿವಿಯನ್ನು ಅವಳ ಕಡೆ ತಿರುಗಿಸಿ, ಮಡಿಲಲ್ಲಿ ಕೈ ಜೋಡಿಸಿ ಕೂತಿದ್ದಳು. ಒಲೆಯ ಮೇಲೆ ಮುಚ್ಚಿಟ್ಟ ತಟ್ಟೆಗಳೆಲ್ಲ ವಿನ್ಸಮ್‌ಗೆ ನೆನಪಾದವು. ಕ್ಯಾಮೆರಾ ಇತ್ತೋ ಇಲ್ಲವೋ ಅವಳಿಗೆ ಮರೆತೇಹೋಯಿತು. ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವ ಅದೇ ಗಂಟಲಿನಲ್ಲಿ, ಆದರೆ ಬಸ್ಸಿನಲ್ಲಿ ಎಂದೂ ಇಲ್ಲದ ಅಕ್ಕರೆಯಲ್ಲಿ ಹೇಳಿದಳು:

"ಇಷ್ಟು ದಿನ ಎಲ್ಲಿದ್ದೆ ಮಗಳೇ? ಬಾ, ನಿನ್ನ ತಟ್ಟೆ ಮುಚ್ಚಿಟ್ಟಿದ್ದೀನಿ."

ಚರ್ಚಿನ ಮಾಡಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ಎಲ್ಲರೂ ಉಸಿರು ಹಿಡಿದು ನಿಂತಿದ್ದರು. ಆಗ ಸುಮ್ಮನಿರುವುದು ಗೊತ್ತೇ ಇಲ್ಲದ ಡಲ್ಸಿ, ಕೇಳಿದ್ದಕ್ಕೆ ಉತ್ತರ ಕೊಡುವುದು ಮರ್ಯಾದೆ ಎಂಬಂತೆ ಹೇಳಿದಳು:

"ಇಲ್ಲೇ ಇದ್ದೆ ಕಣೇ. ಯಾರೂ ಕರೀಲಿಲ್ಲ."

ಎಫುವಾ "ನಿಲ್ಲಿಸಿ" ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಮೇಲ್ವಿಚಾರಕಿ ಹಣೆ ಹಿಡಿದುಕೊಂಡು, "ಚೆನ್ನಾಗಿ ಬಂದಿತ್ತು, ಅಜ್ಜಿ ಮಾತು ಸೇರಿಬಿಡ್ತು. ಇನ್ನೊಂದು ಸಲ" ಎಂದಳು. ಎಫುವಾ ಬೇಡವೆಂದು ತಲೆಯಾಡಿಸಿದಳು. ಕಣ್ಣೊರೆಸಿಕೊಂಡು ಡಲ್ಸಿಯ ಎದುರು ಮಂಡಿಯೂರಿ ಕೂತಳು.

"ಗ್ರ್ಯಾನಿ, ನಿಮ್ಮ ಆ ಮಾತನ್ನ ನಾನು ಇಟ್ಕೊಳ್ಲಾ?"

"ಇಟ್ಕೋಮ್ಮ. ನನ್ನ ಹತ್ರ ಇನ್ನೂ ಬೇಕಾದಷ್ಟಿದೆ" ಎಂದಳು ಡಲ್ಸಿ. ಆಮೇಲೆ ತಂಗಿಯ ಕಡೆ ತಿರುಗಿ, "ಹನ್ನೆರಡು ವರ್ಷ ದೊಡ್ಡವಳಿಗೆ ಮಗಳೇ ಅಂತೀಯಲ್ಲ, ನಾಚಿಕೆ ಆಗಲ್ವಾ?" ಎಂದು ಗದರಿದಳು.

ಅಲ್ಲಿಂದ ಡಿಸೆಂಬರಿನವರೆಗೆ ವಿನ್ಸಮ್‌ಗೆ ನೆಮ್ಮದಿಯಿಲ್ಲ. ಚೆನ್ನಾಗಿದೆ ಎಂದು ಹೊಗಳಿದ ಎಷ್ಟೋ ದೃಶ್ಯಗಳು ಆಮೇಲೆ ಕತ್ತರಿಗೆ ಹೋಗುವುದನ್ನು ಕಂಡಿದ್ದಳು. ಒಂದು ಮಾತು ತಾನೇ, ಉದ್ದವಾಯಿತೆಂದು ಯಾರೋ ತೆಗೆದುಬಿಟ್ಟರೆ? ಈ ಸಲ ಸುಳ್ಳು ಹೇಳುವ ಹಾಗೂ ಇಲ್ಲ. ಡಲ್ಸಿಗೆ ಅಂಥ ಚಿಂತೆಯೇನೂ ಇರಲಿಲ್ಲ. ದ್ರಾಕ್ಷಿ ನೆನೆಸಿದ ಜಾಡಿಯ ಮುಚ್ಚಳ ತೆಗೆದು ಮೂಸಿ, "ಇನ್ನೂ ಸ್ವಲ್ಪ ರಮ್ಮು ಹುಯ್ಯಿ" ಎನ್ನುತ್ತ ಆರಾಮಾಗಿದ್ದಳು.

ಚಿತ್ರ ಬಂದ ಶನಿವಾರದ ಸಂಜೆ ಗುರ್‌ನೇಕ ಹೆಂಡತಿ ಕಟ್ಟಿದ ಪಿನ್ನಿ ಲಾಡಿನ ಡಬ್ಬ ಹಿಡಿದು ಬಂದ. ಹೊರಗೆ ನಿಜವಾದ ಹಿಮ ಬೀಳುತ್ತಿತ್ತು, ಸೋಪಿನ ವಾಸನೆಯಿಲ್ಲದ್ದು. ಮೂವರೂ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತರು. ಹುಡುಗಿ ಟೊರಾಂಟೋ ಬಿಟ್ಟಳು, ಅಪ್ಪ ಅಮ್ಮ ಬಂದರು, ಅತ್ತೆಯರು ಅಡುಗೆಮನೆಯಲ್ಲಿ ಜಗಳಾಡಿದರು. ಡಲ್ಸಿ ಕಿವಿಗೊಟ್ಟು ಕೇಳಿದಳು, ಮುಖ ಅರಳುತ್ತ ಬಂತು.

"ಎಲ್ಲಾ ನಮ್ಮೋರ ಧ್ವನಿನೇ ಕಣೇ. ಆ ಊರಿಗೆ ಕೊನೆಗೂ ಬಸ್ಸು ಬಿಟ್ರಾ?"

"ಸುಮ್ನಿರು ಅಕ್ಕಾ, ಬಂತು" ಎಂದಳು ವಿನ್ಸಮ್. ಅವಳ ಬೆರಳು ಗುರ್‌ನೇಕನ ಮಣಿಕಟ್ಟನ್ನು ಹಿಂಡುತ್ತಿತ್ತು. ಅವನು ನೋವಾದರೂ ಬಾಯಿ ಬಿಡಲಿಲ್ಲ.

ಹುಡುಗಿ ಮೆಟ್ಟಿಲು ಹತ್ತಿದಳು. ಬಾಗಿಲು ತೆರೆಯಿತು. ಕಂದು ಕೋಟಿನ ಮುಖ ತೆರೆಯ ತುಂಬ ಬಂತು, ಮೂಲೆಯಲ್ಲಲ್ಲ, ಮಬ್ಬಾಗಿಯೂ ಅಲ್ಲ. ಆ ಗಂಟಲು ಕೋಣೆಯ ತುಂಬ ಮೊಳಗಿತು. ಇಷ್ಟು ದಿನ ಎಲ್ಲಿದ್ದೆ ಮಗಳೇ, ಬಾ, ನಿನ್ನ ತಟ್ಟೆ ಮುಚ್ಚಿಟ್ಟಿದ್ದೀನಿ.

"ಸಿಕ್ದೆ" ಎಂದಳು ಡಲ್ಸಿ. ಕೈ ತಟ್ಟಿದಳು, ಮಗುವಿನ ಹಾಗೆ ನಕ್ಕಳು. "ಸಿಕ್ದೆ ಕಣೇ, ಸಿಕ್ದೆ."

ಅವಳು ನಗುತ್ತಿರುವಾಗಲೇ ತೆರೆಯ ಮೇಲೆ, ಹಿಮದಲ್ಲಿ ನಿಂತ ಊರಿನವರ ನಡುವಿನಿಂದ ಇನ್ನೊಂದು ಧ್ವನಿ ಬಂತು. ಮುಪ್ಪಿನ ಧ್ವನಿ, ತುಸು ಒಡೆದದ್ದು. ಇಲ್ಲೇ ಇದ್ದೆ ಕಣೇ. ಯಾರೂ ಕರೀಲಿಲ್ಲ. ಡಾಕ್ಟರ್ ಹುಡುಗಿ ಅದನ್ನು ಕೇಳಿ ಪೆಟ್ಟಿಗೆ ಕೆಳಗಿಟ್ಟು ಅಳತೊಡಗಿದಳು.

ಡಲ್ಸಿಯ ನಗು ನಿಂತಿತು. ಹುಬ್ಬು ಗಂಟಿಕ್ಕಿದಳು.

"ಅದು ನನ್ನ ಮಾತಲ್ವಾ? ನೋಡಿದ್ಯಾ, ನನ್ನ ಮಾತು ತಗೊಂಡು ಯಾವುದೋ ಮುದುಕಿ ಕೈಲಿ ಹೇಳಿಸಿದ್ದಾರೆ. ಪಾಪ, ತುಂಬಾ ವಯಸ್ಸಾದ ಹಾಗಿದೆ ಅವಳಿಗೆ. ಆದ್ರೂ ಚೆನ್ನಾಗೇ ಹೇಳಿದ್ಲು."

ಡಲ್ಸಿ ತನ್ನ ಧ್ವನಿಯನ್ನು ಹೊರಗಿನಿಂದ, ಟೇಪಿನಲ್ಲೋ ಟಿವಿಯಲ್ಲೋ, ಎಂದೂ ಕೇಳಿದವಳಲ್ಲ. ವಿನ್ಸಮ್ ಅಕ್ಕನ ಕೈ ಹಿಡಿದುಕೊಂಡು ಹೇಳಹೋದಳು. ತುಟಿ ಅಲುಗಿತು, ಸದ್ದು ಬರಲಿಲ್ಲ. ಈ ಸಲ ಕ್ಯಾಮೆರಾ ಇರಲಿಲ್ಲ, ಗಂಟಲು ತುಂಬಿತ್ತು, ಅಷ್ಟೇ. ಮತ್ತೆ ಪ್ರಯತ್ನಿಸಿದಳು, ಆಗಲಿಲ್ಲ.

"ಏನೇ ಅದು? ಯಾಕೆ ಸುಮ್ನಾದೆ?" ಎಂದಳು ಡಲ್ಸಿ.

ಗುರ್‌ನೇಕ ವಿನ್ಸಮ್‌ಳ ತುಟಿಯನ್ನೇ ನೋಡುತ್ತಿದ್ದ. ಗಡ್ಡ ಸವರಿಕೊಂಡು, "ಸುಮ್ನಿಲ್ಲ ದೀದಿ, ಹೇಳ್ತಾನೇ ಇದ್ದಾರೆ" ಎಂದ. "ಆ ಮುದುಕಿ ಬೇರೆ ಯಾರೂ ಅಲ್ಲ, ನೀನೇ ಕಣಕ್ಕಾ, ಅಂತಿದ್ದಾರೆ."

ಟಿವಿಯಲ್ಲಿ ಊಟದ ಮನೆಯ ಗದ್ದಲ, ತಟ್ಟೆಗಳ ಸದ್ದು ಕೇಳುತ್ತಿತ್ತು. ಡಲ್ಸಿ ಒಂದು ಕೈಯಿಂದ ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡಳು. ಕಾಣದ ಕಣ್ಣಿನಲ್ಲಿ ನೀರು ತುಂಬಿತು. ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಹಾಗಾದ್ರೆ ನಾನೂ ಆ ಊರಲ್ಲಿದ್ದೀನಾ?"

"ಇದ್ದೀಯ ಅಕ್ಕಾ" ಎಂದಳು ವಿನ್ಸಮ್. ಧ್ವನಿ ಈಗ ಬಂದಿತ್ತು.

"ಸರಿ ಮತ್ತೆ. ಹಿಂದಕ್ಕೆ ತಿರುಗ್ಸು" ಎಂದು ಡಲ್ಸಿ ಕಾಲು ಮಡಚಿ ಸರಿಯಾಗಿ ಕೂತಳು. "ನೀನು ನನ್ನನ್ನ ಒಳಗೆ ಕರೆಯೋದನ್ನ ಇನ್ನೊಂದ್ಸಲ ಕೇಳ್ತೀನಿ."